ನೀಲವ್ವನ ಪಾದದ ಅಳತೆ

"ಅಜ್ಜಿ, ಒಂದು ಫೂಟಿಗೆ ಎಷ್ಟು ಇಂಚು?" ಎನ್ನುತ್ತ ಮರಿಮೊಮ್ಮಗ ತನ್ನ ಪ್ಲಾಸ್ಟಿಕ್ ಫೂಟಪಟ್ಟಿ ನನ್ನ ಕೈಗಿಟ್ಟ. ಕುಲಗೋಡದ ಸಾಲಿಯಲ್ಲಿ ನನ್ನದು ಕಟ್ಟಿಗೆಯದಿತ್ತು.

"ಯಾವ ಊರಿಗೆ ಹೋದ್ರೂ ಫೂಟು ಒಂದ ಅಳತಿ," ಅನ್ನುತ್ತಿದ್ದರು ಮಾಸ್ತರು. ಆ ದಿನಗಳ ಒಂದು ಮಳೆಗಾಲದಲ್ಲಿ, ಆಗಷ್ಟೇ ನಡೆಯಲು ಕಲಿತಿದ್ದ ನನ್ನ ತಂಗಿ ನೀಲವ್ವ ಜ್ವರ ಬಂದು ತೀರಿಕೊಂಡಳು. ಅವಳನ್ನು ಹೂಳಲು ಕುಣಿ ತೋಡಹೊರಟ ಅಜ್ಜನಿಗೆ ಫೂಟಪಟ್ಟಿ ಕೊಡಹೋದೆ.

"ಅದು ಬ್ಯಾಡವ್ವಾ. ಯಾರದ ಕುಣಿ ಇರಲಿ, ಅವರ ಪಾದದ ಅಳತೀಲೇನ ತೋಡಬೇಕು," ಅಂದ. ಜೋಳದ ದಂಟನ್ನು ಅವಳ ಅಂಗಾಲಿಗೆ ಹಿಡಿದು, ಹೆಬ್ಬೆರಳಿನ ತುದಿಗೆ ಸರಿಯಾಗಿ ಲಟಕ್ಕನೆ ಮುರಿದ. ಆ ತುಂಡನ್ನು ನಾನು ಫೂಟಪಟ್ಟಿಯ ಮೇಲಿಟ್ಟು ನೋಡಿದೆ. ಐದೇ ಇಂಚು.

ಉದ್ದ, ಆಳ ಎಲ್ಲವನ್ನೂ ಅಜ್ಜ ಆ ತುಂಡಿನಿಂದಲೇ ಎಣಿಸಿ ತೋಡಿದ. ಮೇಲಿನ ಕರಿ ಎರೆಮಣ್ಣು ಮುಗಿದು ಕೆಳಗಿನ ಗಟ್ಟಿ ಗರಸು ಕಾಣುವ ಮೊದಲೇ ಕುಣಿ ಸಾಕಾಯಿತು.

"ಹೇಳು, ಅಜ್ಜಿ."

"ಹನ್ನೆರಡು," ಅಂದೆ. ನನ್ನ ಕೈಯ ಹೆಬ್ಬೆರಳು ಫೂಟಪಟ್ಟಿಯ ಐದರ ಗೆರೆಯ ಮೇಲೇ ನಿಂತಿತ್ತು.