ಬತ್ತಿಯ ಹತ್ತಿ, ಡೀಸೆಲ್ ಫಿಲ್ಟರ್

ತೊಂಬತ್ತರ ದಶಕದ ಕೊನೆ. ಹಡಗಲಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸಕ್ಕೆ ನನಗೆ ಇಂಟರ್‌ವ್ಯೂ ಇತ್ತು, ನಲವತ್ತೆಂಟರ ವಯಸ್ಸಿನಲ್ಲಿ ನನ್ನ ಫಸ್ಟ್ ಇಂಟರ್‌ವ್ಯೂ. ಹನ್ನೊಂದಕ್ಕೆ ಅಲ್ಲಿರಬೇಕು. ಕೊಟ್ಟೂರಿನ ನಮ್ಮ ಅಂಗಳದಲ್ಲಿ ಯಜಮಾನರು ಬೆಳಿಗ್ಗೆ ಏಳಕ್ಕೇ ಕಾರಿನ ಬಾನೆಟ್ ಎತ್ತಿ, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡನ್ನೂ ಬಿಚ್ಚಿದ್ದರು. ದಾರಿಯಲ್ಲಿ ಗಾಡಿ ಕೆಮ್ಮಬಾರದಂತೆ.

ನಾನು ಸೀರೆ ಉಟ್ಟು ಒಳಗೂ ಹೊರಗೂ ಓಡಾಡುತ್ತಿದ್ದೆ. ಒರೆಸಲು ಕ್ಲೀನ್ ಬಟ್ಟೆ ಕೇಳಿದರು. ಗಡಿಬಿಡಿಯಲ್ಲಿ, ದೇವರ ಬತ್ತಿಗೆಂದು ಬಿಡಿಸಿಟ್ಟಿದ್ದ ಹತ್ತಿಯನ್ನೇ ಕೊಟ್ಟೆ. ಅದಕ್ಕಿಂತ ಪ್ಯೂರ್ ಇನ್ನೇನಿದೆ? ಅವರೂ ನೋಡದೆ ಅದರಿಂದಲೇ ಫಿಲ್ಟರಿನ ಬಟ್ಟಲು ಒರೆಸಿ ಹೊಸ ಫಿಲ್ಟರ್ ಕೂರಿಸಿದರು.

ಎಂಜಿನ್ ಸ್ಟಾರ್ಟ್ ಆಗಿ ನಿಮಿಷದಲ್ಲೇ ನಿಂತಿತು. ಬಿಚ್ಚಿದರೆ ಪೈಪಿನ ಬಾಯಲ್ಲಿ ಹತ್ತಿಯ ಎಳೆ.

"ಏನಲೇ, ಎಂಜಿನ್ನಿಗೆ ದೀಪ ಹಚ್ಚಾಕ ಹೊಂಟಿದ್ದೇನು?"

"ನಾ ಓದಿದ ಕಾನ್ವೆಂಟಿನಾಗ ಇದನ್ನ ಕಲಿಸಿಲ್ರಿ. ಒರೆಸಿದ ಕೈ ಯಾರದು?"

"ಹತ್ತು ನಿಮಿಷ ತಡಿ."

"ಆ ಹತ್ತು ನಿಮಿಷ ಏಳಕ್ಕ ಶುರು ಆಗೈತಿ. ನಾ ಬಸ್ಸಿಗೆ ಹೋಗ್ತೀನಿ."

ಬಸ್ಸಿನಲ್ಲಿ ಕೂತರೂ ಕಣ್ಣು ವಾಚಿನ ಮೇಲೆಯೇ. ಅರ್ಧ ದಾರಿಯಲ್ಲಿ ಹಾರ್ನ್ ಕೇಳಿಸಿತು. ನಮ್ಮದೇ ಕಾರು! ಪಕ್ಕಕ್ಕೆ ಬಂದು, ಮಸಿಯಾದ ಕೈ ಹೊರಚಾಚಿ ಇಳಿಯೆಂದು ಸನ್ನೆ ಮಾಡಿದರು. ಕಂಡಕ್ಟರ್ ನನ್ನತ್ತ ನೋಡಿದ. ಬೇಡವೆಂದು ತಲೆಯಾಡಿಸಿದೆ. ಆ ಗಾಡಿ ಮತ್ತೆ ನಿಂತರೆ?

ನಿಲ್ಲಲಿಲ್ಲ. ಹಡಗಲಿಯವರೆಗೆ ಬಸ್ಸಿನ ಧೂಳು ಕುಡಿಯುತ್ತ ಹಿಂದೆಯೇ ಬಂದರು. ನಾನು ಟೈಮಿಗೆ ಸರಿಯಾಗಿ ಒಳಗೆ ಹೋದೆ, ಕೆಲಸವೂ ಸಿಕ್ಕಿತು. ಆದರೂ ಅವರ ಪಕ್ಕದ ಆ ಖಾಲಿ ಸೀಟು ಇವತ್ತಿಗೂ ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಇಳಿದಿದ್ದರೆ ಏನಾಗುತ್ತಿತ್ತು?