ಎರಡು ಸರ್ವರ್ ಮತ್ತು ಅಕ್ಕನ ಟೋಕನ್

ಕೊಪ್ಪದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ನೋಡಿಕೊಳ್ಳುವುದೆಂದರೆ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದ ಎಳೆಯುವುದರಿಂದ ಹಿಡಿದು, ಎಕ್ಸ್‌ರೇ ಕೋಣೆಯ ಫ್ಯಾನು ಯಾಕೆ ತಿರುಗುತ್ತಿಲ್ಲ ಎಂದು ಉತ್ತರ ಕೊಡುವವರೆಗೆ. ಫ್ಯಾನು ನನ್ನ ಕೆಲಸವಲ್ಲ ಎಂದು ವರ್ಷಗಟ್ಟಲೆಯಿಂದ ಹೇಳುತ್ತಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ನಮ್ಮಲ್ಲಿಗೆ ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಕಣ್ಣಿನ ಡಾಕ್ಟರು ಬರುತ್ತಾರೆ. ಒಂದು ದಿನದಲ್ಲಿ ಅವರು ನೋಡಬಹುದಾದಷ್ಟೇ ಟೋಕನ್. ಬೇಕೆನ್ನುವವರು ಶೃಂಗೇರಿ, ನರಸಿಂಹರಾಜಪುರ, ಕಿಗ್ಗ ಎಲ್ಲ ಕಡೆಯವರು. ಮೊದಲು ಕಿಟಕಿಯಲ್ಲಿ ಕೊಡುತ್ತಿದ್ದರು. ಕಿಟಕಿ ತೆರೆಯುವ ಮೊದಲೇ ಅರ್ಧಕ್ಕರ್ಧ "ನಮ್ಮೋರಿಗೆ ಒಂದು" ಎಂದು ಹೋಗಿರುತ್ತಿತ್ತು. ನೋಡಿ ನೋಡಿ ಸಾಕಾಗಿ ಆನ್‌ಲೈನ್ ಟೋಕನ್ ಮಾಡಿದವನು ನಾನೇ. ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ ಪುಟ ತೆರೆಯುತ್ತದೆ, ಮೊದಲು ಒತ್ತಿದವರಿಗೆ ಸಿಗುತ್ತದೆ. ಶಿಫಾರಸು ನಡೆಯುವುದಿಲ್ಲ.

ನನ್ನ ಅಕ್ಕನಿಗೂ ಅದನ್ನೇ ಹೇಳಿದೆ. ಅಕ್ಕ ಇರುವುದು ಬಸರೀಕಟ್ಟೆಯಿಂದ ಇನ್ನೂ ಒಳಗೆ. ಎಸ್ಟೇಟಿನಲ್ಲಿ ಕೆಲಸ, ಮನೆಯಲ್ಲಿ ಒಂದು ದನ. ಅವಳ ಎಡಗಣ್ಣಿನೊಳಗೆ ಒತ್ತಡ ಹೆಚ್ಚಿದೆ, ನೋವಾಗುವುದಿಲ್ಲ, ಆದರೆ ಬಿಟ್ಟರೆ ದೃಷ್ಟಿ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು, ಕಿಟಕಿಯಲ್ಲಿ ಟೋಕನ್ ಕೊಟ್ಟ ಕೊನೆಯ ತಿಂಗಳು ಡಾಕ್ಟರು ಹೇಳಿದ್ದರು. ಕಣ್ಣಿಗೆ ಬಿಡುವ ಔಷಧಿ ಬರೆದುಕೊಟ್ಟು, ಮುಂದಿನ ತಿಂಗಳು ತಪ್ಪದೆ ಬನ್ನಿ, ಆಪರೇಷನ್ ಬೇಕೋ ಏನೋ ನೋಡೋಣ ಎಂದಿದ್ದರು.

"ನೀನು ಅಲ್ಲೇ ಇದ್ದೀಯಲ್ಲ ಮಾರಾಯ, ನಂಗೊಂದು ಟೋಕನ್ ತೆಗೆದಿಡ್ಲಿಕ್ಕೆ ಆಗದಿಲ್ವನಾ?" ಎಂದು ಅಕ್ಕ ಕೇಳಿದಳು.

"ಅಕ್ಕಾ, ನಾನೇ ಕಾನೂನು ಮಾಡಿ ನಾನೇ ಮುರಿಯದಾ? ನಾಳೆ ಊರೆಲ್ಲ ಎಂತ ಹೇಳ್ತಾರೆ? ಏಳು ಗಂಟೆಗೆ ಸರಿಯಾಗಿ ಒತ್ತು, ಸಿಗ್ತದೆ."

"ಆಯ್ತು ಹಂಗಾರೆ," ಎಂದಳು.

ಸಿಗಲಿಲ್ಲ. "ಒತ್ತಿ ಒತ್ತಿ ಬೆರಳು ಸೋತೋಯ್ತು ಮಾರಾಯ. ಎಂತದೋ ಕೆಂಪಗೆ ಬರ್ತದೆ, ನಂಗೆ ಓದ್ಲಿಕ್ಕಾಗಲ್ಲ," ಎಂದು ಫೋನು ಮಾಡಿದಳು. ಆ ಬೆಳಿಗ್ಗೆ ನಮ್ಮ ಸರ್ವರ್ ಏದುಸಿರು ಬಿಡುತ್ತಿತ್ತು. ಯಂತ್ರಕ್ಕೆ ವಯಸ್ಸಾಗಿತ್ತು. ಮೂರು ತಾಲ್ಲೂಕಿನವರು ಸರದಿಯ ಮೇಲೆ ನನಗೆ ಬೈಯುತ್ತಿದ್ದರು. ಅಕ್ಕನ ಕೆಂಪಕ್ಷರ ಏನೆಂದು ಕೇಳುವ ವ್ಯವಧಾನ ನನಗಿರಲಿಲ್ಲ. ಸರ್ವರ್ ನಿಧಾನ ಅಕ್ಕಾ, ಮುಂದಿನ ತಿಂಗಳು ಸರಿ ಮಾಡುತ್ತೇನೆ ಎಂದುಬಿಟ್ಟೆ.

ಆಮೇಲೆ ಸಮಿತಿ ಕೂತಿತು. ಹೊಸ ಯಂತ್ರಕ್ಕೆ ಲಿನಕ್ಸ್ ಹಾಕಬೇಕು ಎಂದು ಸಮಿತಿಯ ಒಬ್ಬರು, ಎಲ್ಲರಿಗೂ ಗೊತ್ತಿರುವ ವಿಂಡೋಸೇ ಇರಲಿ ಎಂದು ಮ್ಯಾನೇಜರು. ಇಬ್ಬರೂ ಸರ್ವರ್ ಕೋಣೆಯ ಬಾಗಿಲು ದಾಟಿ ಬಂದವರಲ್ಲ, ಆದರೂ ಮೇಜು ಕುಟ್ಟಿ ವಾದ ಮಾಡಿದರು. ಕೊನೆಗೆ, "ನೀವೇ ಎರಡನ್ನೂ ಓಡಿಸಿ ನೋಡಿ, ಬರೆದು ಕೊಡಿ" ಎಂದು ನನ್ನ ತಲೆಗೆ ಕಟ್ಟಿದರು.

ಒಂದೇ ತರದ ಎರಡು ಕಂಪ್ಯೂಟರ್ ತಂದೆ. ಒಂದಕ್ಕೆ ಅದು, ಒಂದಕ್ಕೆ ಇದು. ಎರಡರಲ್ಲೂ ಅದೇ ಟೋಕನ್ ಪುಟ. ನನ್ನ ಲ್ಯಾಪ್‌ಟಾಪಿನಿಂದ ನೂರಾರು ಸುಳ್ಳು ರೋಗಿಗಳನ್ನು ಒಟ್ಟಿಗೆ ನುಗ್ಗಿಸಿ, ಎಷ್ಟು ಜನರಿಗೆ ಎಷ್ಟು ಬೇಗ ಉತ್ತರ ಬಂತು ಎಂದು ಬರೆದುಕೊಳ್ಳುವುದು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಜನ ಕಡಿಮೆಯಿದ್ದಾಗ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಜನ ಹೆಚ್ಚಾದಂತೆ ಲಿನಕ್ಸ್ ಮುಂದೆ ಹೋಯಿತು. ಇದು ನನ್ನದೇ ಜೋಡಣೆಯ ತಪ್ಪಿರಬಹುದು ಎಂದು ವಿಂಡೋಸಿನದನ್ನು ಬದಲಿಸಿದೆ, ಅದು ಸರಿಸಮ ಬಂತು. ಇದನ್ನು ತಿದ್ದಿದರೆ ಇದು ಮುಂದೆ, ಅದನ್ನು ತಿದ್ದಿದರೆ ಅದು ಮುಂದೆ. ಒಂದು ಹಂತದಲ್ಲಿ ನಾನು ಪರೀಕ್ಷಿಸುತ್ತಿರುವುದು ಸರ್ವರನ್ನೋ ನನ್ನ ತಾಳ್ಮೆಯನ್ನೋ ಎನ್ನುವುದೇ ತಿಳಿಯದಾಯಿತು. ಆದರೂ ಬಿಡಲಿಲ್ಲ. ಅಕ್ಕನಿಗೆ ಮಾತು ಕೊಟ್ಟಿದ್ದೆನಲ್ಲ.

ಪುಟಕ್ಕೆ ಮೊದಲಿನಿಂದಲೂ ಒಂದು ಕಾವಲು ಇಟ್ಟಿದ್ದೆ. ಒಂದೇ ಇಂಟರ್‌ನೆಟ್ ವಿಳಾಸದಿಂದ ಯಾರಾದರೂ ಪದೇಪದೇ ನುಗ್ಗಿದರೆ ಅವರಿಗೆ ಬಾಗಿಲು ಹಾಕಿಬಿಡುವ ಕಾವಲು. ಯಾರೋ ಚಾಲಾಕಿ ಕೂತಲ್ಲೇ ಎಲ್ಲ ಟೋಕನ್ ಬಾಚಿಕೊಳ್ಳಬಾರದು ನೋಡಿ. ಪರೀಕ್ಷೆಗೆ ನುಗ್ಗುವವನು ನಾನೇ ಆದ್ದರಿಂದ ನನ್ನ ಲ್ಯಾಪ್‌ಟಾಪನ್ನು ಮಾತ್ರ ತಡೆಯಬೇಡ ಎಂದು ಅದಕ್ಕೆ ಹೇಳಿಟ್ಟಿದ್ದೆ.

ಎರಡನೆಯ ತಿಂಗಳು ಲಿನಕ್ಸ್ ಯಂತ್ರವನ್ನೇ ಕೆಲಸಕ್ಕೆ ಹಚ್ಚಿದೆವು. ಅಬ್ಬಾ, ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು, ಟೋಕನ್ ಪೂರ್ತಿ ಮುಗಿಯಿತು. ಮ್ಯಾನೇಜರು ತಾವೇ ಕಾಫಿ ತರಿಸಿದರು. ದಾಖಲೆ ತೆಗೆದು ನೋಡಿದೆ: ಒಂದು ವಿಳಾಸ ಬಿಡದೆ ನುಗ್ಗಿತ್ತು, ಹೋದ ತಿಂಗಳೂ ಅದೇ ವಿಳಾಸ, ಎರಡು ಸಲವೂ ಕಾವಲು ಅದನ್ನು ತಡೆದಿತ್ತು. "ಹೊರಗಿನ ದಾಳಿಯನ್ನು ಯಶಸ್ವಿಯಾಗಿ ತಡೆಯಲಾಗಿದೆ" ಎಂದು ವರದಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಅಷ್ಟರಲ್ಲಿ ಅಕ್ಕನ ಫೋನು. ಈ ಸಲವೂ ಸಿಕ್ಕಿಲ್ಲ. ನನಗೆ ರೇಗಿಹೋಯಿತು. "ಸರ್ವರ್ ಗಾಳಿ ಹಂಗೆ ಓಡ್ತಿದೆ ಅಕ್ಕಾ, ನೀನೇ ತಡ ಮಾಡಿರ್ತೀಯ!"

"ಇರ್ಬೌದು ಮಾರಾಯ, ನಂಗೆಂತ ಗೊತ್ತಾಗ್ತದೆ," ಎಂದಳು. ಒಂದು ದಿನ ರಜೆ ಹಾಕಿ ನಾನೇ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬಹುದಿತ್ತು. ವರದಿ ಮುಗಿಸುವ ಗಡಿಬಿಡಿಯಲ್ಲಿದ್ದೆ.

ಮೂರನೆಯ ತಿಂಗಳು, ನಾನೇ ಒತ್ತಿ ತೋರಿಸುತ್ತೇನೆ ಎಂದು ಹಿಂದಿನ ಸಂಜೆಯೇ ಅವಳ ಮನೆಗೆ ಹೋದೆ. ಅಲ್ಲಿ ಸಿಗ್ನಲ್ಲೇ ಇಲ್ಲ. ಬೆಳಿಗ್ಗೆ ಹಾಲಿನ ಕ್ಯಾನು ಎತ್ತಿಕೊಂಡು, "ಡೈರಿಗೆ ಬಾ, ಅಲ್ಲಿ ವೈಫೈ ಬರ್ತದೆ" ಎಂದಳು. ಹಾಲು ಹಾಕಿ ಮುಗಿಸಿದವರೆಲ್ಲ ಮನೆಗೆ ಹೋಗದೆ ಡೈರಿಯ ಜಗಲಿಯಲ್ಲೇ ನಿಂತಿದ್ದರು, ಕೈಯಲ್ಲಿ ಫೋನು. ಪಾಸ್‌ವರ್ಡನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಆಸ್ಪತ್ರೆಯ ಟೋಕನ್ನಿಗೆ ಎಲ್ಲರೂ ಇಲ್ಲಿಂದಲೇ ಒತ್ತುವುದಂತೆ. ಏಳಾಯಿತು. ಒತ್ತಿದೆ.

"ನಿಮ್ಮ ಸಂಪರ್ಕವನ್ನು ತಡೆಹಿಡಿಯಲಾಗಿದೆ." ಕೆಂಪಕ್ಷರ. ನಾನೇ ಬರೆದ ವಾಕ್ಯ. ಅಕ್ಕಪಕ್ಕದ ಫೋನುಗಳಲ್ಲೂ ಅದೇ.

"ನಮಗೆ ಯಾವಾಗ್ಲೂ ಇದೇ ಬರದು ಸಾರ್. ಆಸ್ಪತ್ರೆಗೆ ಫೋನ್ ಮಾಡಿದ್ರೆ ಎತ್ತೋರಿಲ್ಲ," ಎಂದರು ಹಾಲು ಅಳೆಯುತ್ತಿದ್ದವರು.

ಒಂದು ವೈಫೈಗೆ ಹೊರಗಿನ ಲೋಕದಲ್ಲಿ ಒಂದೇ ವಿಳಾಸ. ಡೈರಿಯ ಜಗಲಿಯಲ್ಲಿ ನಿಂತ ಇಡೀ ಊರು ನನ್ನ ಕಾವಲಿನ ಲೆಕ್ಕದಲ್ಲಿ ಒಬ್ಬನೇ ಕಳ್ಳ. ವಿಂಡೋಸ್ ಇರಲಿ ಲಿನಕ್ಸ್ ಇರಲಿ, ಈ ಜನರಿಗೆ ಎರಡೂ ಒಂದೇ ಆಗಿತ್ತು. ನಾನು ದಾಳಿ ಎಂದು ಗೆರೆ ಎಳೆದದ್ದು ನನ್ನ ಅಕ್ಕನ ಬೆರಳಿಗೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅವಳಿಗೆ ಎಲ್ಲ ಹೇಳಿದೆ. ಎಷ್ಟು ಅರ್ಥವಾಯಿತೋ, ತಪ್ಪು ನನ್ನದು ಎನ್ನುವುದಂತೂ ಅರ್ಥವಾಯಿತು. "ಹೋಗ್ಲಿ ಬಿಡು," ಎಂದಳು.

ಡೈರಿಯ ಫೋನಿನಿಂದ ಮ್ಯಾನೇಜರ ಮನೆಗೇ ಫೋನು ಮಾಡಿ, ಆ ಕಾವಲು ತೆಗೆಸಿ, ನಾಚಿಕೆ ಬಿಟ್ಟು ಅಕ್ಕನಿಗೆ ಟೋಕನ್ ಬರೆಸಿದೆ. ಮರುದಿನ ಡಾಕ್ಟರು ಎಡಗಣ್ಣಿಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ಅವಳ ಬಲಗಣ್ಣನ್ನು ಮುಚ್ಚಿ, ಎಷ್ಟು ಬೆರಳು ಎಂದು ಕೇಳಿದರು. "ಬೆರಳು ಎಲ್ಲಿದೆ ಸಾರ್?" ಎಂದಳು ಅಕ್ಕ.

"ಇದು ಹೋಯ್ತಮ್ಮ. ಇನ್ನು ಬಲಗಣ್ಣನ್ನಾದರೂ ಉಳಿಸಿಕೊಳ್ಳಬೇಕು. ತಪ್ಪದೆ ಬನ್ನಿ ಅಂದಿದ್ದೆ. ಎರಡು ತಿಂಗಳು ಯಾಕೆ ಬರಲಿಲ್ಲ?"

ನಾನು ಬಾಗಿಲ ಹತ್ತಿರ ನಿಂತಿದ್ದೆ. ಡಾಕ್ಟರ ಪಕ್ಕದಲ್ಲಿ ಮ್ಯಾನೇಜರೂ ಇದ್ದರು.

"ಎಸ್ಟೇಟಲ್ಲಿ ರಜೆ ಕೊಡ್ಲಿಲ್ಲ ಸಾರ್," ಎಂದಳು ಅಕ್ಕ.

ಡಾಕ್ಟರು ಅವಳನ್ನು ಗದರಿದರು, ಕಣ್ಣಿಗಿಂತ ಕೂಲಿ ದೊಡ್ಡದಾ ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಅವಳ ಚೀಲ ಹಿಡಿದುಕೊಂಡು ನಿಂತೇ ಇದ್ದೆ.