ಹಬ್ಬದ ಮರುದಿನದ ಪರೀಕ್ಷೆ

ವಿಶ್ವವಿದ್ಯಾಲಯದ ಚರಿತ್ರೆ ಬರೆಯುವವರು ಕುಲಪತಿಗಳನ್ನು ನೆನೆಯುತ್ತಾರೆ, ಪ್ರಾಧ್ಯಾಪಕರನ್ನು ನೆನೆಯುತ್ತಾರೆ, ಕಟ್ಟಡಗಳಿಗೆ ಅಡಿಗಲ್ಲು ಹಾಕಿದವರನ್ನೂ ನೆನೆಯುತ್ತಾರೆ. ಆದರೆ ವರ್ಷದಲ್ಲಿ ಯಾವ ದಿನ ಆ ಕಟ್ಟಡಗಳ ಬಾಗಿಲು ತೆರೆಯಬೇಕು, ಯಾವ ದಿನ ಮುಚ್ಚಬೇಕು ಎಂಬುದನ್ನು ಒಂದು ಮೇಜಿನ ಮುಂದೆ ಕುಳಿತು ಮೂವತ್ತೊಂದು ವರ್ಷ ತೂಗಿ ನೋಡಿದವರನ್ನು ಯಾರೂ ನೆನೆಯುವುದಿಲ್ಲ. ಶೈಕ್ಷಣಿಕ ವಿಭಾಗದ ಅಧೀಕ್ಷಕರಾಗಿ ಕಳೆದ ತಿಂಗಳು ನಿವೃತ್ತರಾದ, ಕುಲಪತಿಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ 'ಕ್ಯಾಲೆಂಡರ್ ಮೇಡಂ' ಆಗಿರುವ ಹಿರಿಯರು ಅಂಥವರು. ಅವರನ್ನು ಕುರಿತು ನಾಲ್ಕು ಮಾತು ಬರೆಯಲು ಅಭಿನಂದನ ಗ್ರಂಥದ ಸಂಪಾದಕ ಮಂಡಳಿ ಈ ಲೇಖಕನನ್ನು ಕೇಳಿದ್ದು ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು ಎಂಬ ಕಾರಣಕ್ಕೆ. ಅವರ ಮೇಲೆ ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟವನು ಈ ಕಚೇರಿಯಲ್ಲಿ ಇನ್ನೊಬ್ಬನಿಲ್ಲ ಎಂಬುದು ಮಂಡಳಿಗೆ ಗೊತ್ತಿದ್ದಂತಿಲ್ಲ.

ಅದು ಶುರುವಾದದ್ದು ಮೊದಲ ವಾರದಲ್ಲೇ. ಶೈಕ್ಷಣಿಕ ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಿತ್ತು, ಪರೀಕ್ಷಾ ವಿಭಾಗದಲ್ಲಿ ಒಂದು. ಲೇಖಕ ಮೊದಲನೆಯದನ್ನು ಬಯಸಿದ್ದ. ಅಲ್ಲಿ ದೊಡ್ಡ ಕಿಟಕಿಯಿತ್ತು. ಆಗಿನ ಕುಲಸಚಿವರು ಇಬ್ಬರ ಟಿಪ್ಪಣಿಗಳನ್ನೂ ಓದಿ ಕುರ್ಚಿಯನ್ನು ಮೇಡಂಗೆ ಕೊಟ್ಟರು. ಅಂದಿನಿಂದ ಮೇಡಂ ರಜೆ ಕೊಡುವವರಾದರು, ಇವನು ಪರೀಕ್ಷೆ ಇಡುವವನಾದ. ಒಬ್ಬರನ್ನು ಕಂಡರೆ ಕಾರಿಡಾರಿನ ಮುಖಗಳೆಲ್ಲ ಅರಳುತ್ತಿದ್ದವು, ಇನ್ನೊಬ್ಬನನ್ನು ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದವು.

ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಈ ಲೇಖಕನಷ್ಟು ಹತ್ತಿರದಿಂದ ಗಮನಿಸಿದವರಿಲ್ಲ, ಏಕೆಂದರೆ ತಪ್ಪು ಹುಡುಕುವವನ ಕಣ್ಣಿಗೆ ನಿದ್ದೆಯಿಲ್ಲ. ಹಬ್ಬದ ದಿನ ರಜೆಯೆಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವುದು ಹಳೆಯ ಪದ್ಧತಿಯಾಗಿತ್ತು. ಮೇಡಂ ಬಸ್ ನಿಲ್ದಾಣಕ್ಕೆ ಹೋಗಿ ಹಬ್ಬದ ಹಿಂದಿನ ದಿನ ದೂರದ ಊರುಗಳಿಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿಕೊಂಡು ಬಂದರು. ಅದಾದ ಮೇಲೆ ಆ ದಿನದ ತರಗತಿಗಳು ಮಧ್ಯಾಹ್ನವೇ ಮುಗಿಯತೊಡಗಿದವು. ಹಾಸ್ಟೆಲ್ ಅಡುಗೆಮನೆಗೆ ಹೋಗಿ, ಮಕ್ಕಳು ಊರಿಗೆ ಹೋದ ಮೇಲೂ ಅಡುಗೆಯವರೇಕೆ ಒಲೆ ಕಾಯಬೇಕೆಂದು ಕೇಳಿದರು. ಪ್ರಾಣಿಶಾಸ್ತ್ರ ವಿಭಾಗದ ಇಲಿಗಳಿಗೆ ಹಬ್ಬವಿಲ್ಲವಲ್ಲ, ಅವುಗಳಿಗೆ ದಿನವೂ ಕಾಳು ಹಾಕಬೇಕು. ಒಂದು ಮತದವರ ಹಬ್ಬದಲ್ಲಿ ಇನ್ನೊಂದು ಮತದವರು ಆ ಕೆಲಸ ನೋಡಿಕೊಳ್ಳುವಂತೆ ಇಬ್ಬರು ಸಹಾಯಕರ ನಡುವೆ ಅವರು ಮಾಡಿಸಿದ ಒಪ್ಪಂದ ಇಂದಿಗೂ ನಡೆಯುತ್ತಿದೆ.

ಇದನ್ನೆಲ್ಲ ಲೇಖಕ ಕಚೇರಿಯಲ್ಲಿ ಹೇಗೋ ಸಹಿಸಿಕೊಂಡಾನು. ಆದರೆ ಅವನ ಮನೆಯ ಅಡುಗೆಮನೆಯ ಗೋಡೆಯ ಮೇಲೂ ಮೇಡಂ ಮಾಡಿದ ಕ್ಯಾಲೆಂಡರ್ ತೂಗುತ್ತಿತ್ತು. ತವರಿಗೆ ಹೋಗುವುದನ್ನು ಅವನ ಹೆಂಡತಿ ಅದನ್ನು ನೋಡಿಯೇ ನಿಶ್ಚಯಿಸುತ್ತಿದ್ದಳು. "ಈ ಸಲ ಶುಕ್ರವಾರಾನೂ ಸೇರಿಸಿ ಕೊಟ್ಟಿದ್ದಾರೆ ನೋಡ್ರೀ, ಪುಣ್ಯಾತ್ಗಿತ್ತಿ," ಎಂದು ಅವಳು ಹೊಗಳಿದಾಗ ಅವನಿಗೆ ಬಾಯಿಗಿಟ್ಟ ತುತ್ತು ಕಹಿಯಾಗುತ್ತಿತ್ತು. ಪರೀಕ್ಷೆಯ ವೇಳಾಪಟ್ಟಿಯನ್ನು ಯಾವ ಮನೆಯಲ್ಲೂ ಮೊಳೆ ಹೊಡೆದು ತೂಗುಹಾಕುವುದಿಲ್ಲ.

ಹನ್ನೊಂದು ವರ್ಷಗಳ ಹಿಂದೆ ಒಂದು ಹಬ್ಬ ಗುರುವಾರಕ್ಕೆ ಬಿತ್ತು. ನಮ್ಮಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯವೊಂದರ ದೊಡ್ಡ ಹಬ್ಬ ಅದು. ರಜೆ ಅದೊಂದೇ ದಿನ. ಅಂತಿಮ ವರ್ಷದ ಮೊದಲ ಪತ್ರಿಕೆಯನ್ನು ಪರೀಕ್ಷಾ ವಿಭಾಗ ಮರುದಿನ ಬೆಳಿಗ್ಗೆಗೆ ಇಟ್ಟಿತ್ತು. ದಿನಾಂಕ ಹಾಕಿದವನು ಈ ಲೇಖಕನೇ. ಹಾಕಿದ ಎರಡು ದಿನಕ್ಕೆ ಅವನಿಗೇ ತಪ್ಪು ಹೊಳೆದು, ಪತ್ರಿಕೆಯನ್ನು ಸೋಮವಾರಕ್ಕೆ ಮುಂದೂಡುವ ಆದೇಶವನ್ನು ಬರೆದು ಡ್ರಾಯರಿನಲ್ಲಿ ಇಟ್ಟಿದ್ದ, ಸಹಿಯೊಂದು ಬಾಕಿಯಿತ್ತು. ಅಷ್ಟರಲ್ಲಿ ಮೇಡಂ ಕಡೆಯಿಂದ ಒಂದು ಚೀಟಿ ಬಂತು: ಊರಿಗೆ ಹೋದ ಮಕ್ಕಳು ಶುಕ್ರವಾರ ಬೆಳಿಗ್ಗೆಯೊಳಗೆ ಮರಳಲಾರರು, ಪತ್ರಿಕೆಯನ್ನು ದಯವಿಟ್ಟು ಸೋಮವಾರ ಇಡಿ.

ಆ ಚೀಟಿ ಬಾರದಿದ್ದರೆ ಆ ಸಂಜೆಯೇ ಸಹಿ ಬೀಳುತ್ತಿತ್ತು. ಈಗ ಸಹಿ ಮಾಡಿದರೆ ಇದೂ ಮೇಡಂ ಕೃಪೆಯೆಂದೇ ಕಾರಿಡಾರು ಹಾಡುತ್ತದೆ ಎನ್ನಿಸಿತು. ಅವರಿಗೆ ಅಪಶಕುನವಾಗಲೆಂದು ತನ್ನ ಮೂಗು ತಾನೇ ಕೊಯ್ದುಕೊಂಡವನಂತೆ, ಲೇಖಕ ತನ್ನ ಆದೇಶವನ್ನು ಹರಿದು, ಚೀಟಿಯ ಕೆಳಗೆ 'ಸಾಧ್ಯವಿಲ್ಲ' ಎಂದು ಬರೆದು ಕಳಿಸಿದ.

ಶುಕ್ರವಾರ ಬೆಳಿಗ್ಗೆ ಅರವತ್ತೊಂದು ಆಸನಗಳಲ್ಲಿ ಇಪ್ಪತ್ತೆರಡು ಖಾಲಿ ಉಳಿದವು. ಮೇಲ್ವಿಚಾರಕರಲ್ಲೂ ಇಬ್ಬರು ಹಬ್ಬಕ್ಕೆ ಹೋಗಿದ್ದರಿಂದ ಮೇಡಂ ತಾವಾಗಿ ಬಂದು ಕೊಠಡಿಯಲ್ಲಿ ನಿಂತರು. ಹಬ್ಬದ ಹೊಸ ಬಟ್ಟೆಯಲ್ಲೇ ಬಸ್ಸಿಳಿದು ಬಂದಿದ್ದ ಒಬ್ಬಳು ಹುಡುಗಿಯ ಚೀಲವನ್ನು ತಮ್ಮ ಮೇಜಿನ ಕೆಳಗೆ ಇರಿಸಿ, ಕುಡಿಯಲು ನೀರು ಕೊಟ್ಟು, ಅವಳ ಉಸಿರು ಹತೋಟಿಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಕೈಗಿತ್ತರು. ಆಮೇಲೆ ಖಾಲಿ ಆಸನಗಳ ಸಂಖ್ಯೆಗಳನ್ನು ಒಂದೊಂದಾಗಿ ಬರೆದುಕೊಂಡರು. ಬಾಗಿಲ ಆಚೆ ನಿಂತು ನೋಡುತ್ತಿದ್ದ ಲೇಖಕನಿಗೆ ನಾಚಿಕೆಯಾಗಬೇಕಿತ್ತು; ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು, ನೀರು ಕೊಡುವುದು ತನಗೇಕೆ ಹೊಳೆಯುವುದಿಲ್ಲ ಎಂದು ಹೊಟ್ಟೆ ಉರಿಯಿತು.

ಮರುವಾರ ಕುಲಪತಿಗಳ ಕೊಠಡಿಯಲ್ಲಿ ಸಭೆ. ಇಪ್ಪತ್ತೆರಡು ಮಂದಿಗೆ ಒಂದು ವರ್ಷ ನಷ್ಟವಾಗುವ ವಿಷಯ. ಈ ತಾರೀಖು ಹಾಕಿದ್ದು ಯಾರೆಂದು ಕುಲಪತಿಗಳು ಕೇಳಿದರು. 'ಸಾಧ್ಯವಿಲ್ಲ' ಎಂದು ಬರೆದ ಚೀಟಿ ಮೇಡಂ ಮುಂದಿನ ಫೈಲಿನಲ್ಲೇ ಇತ್ತು; ಅದರ ಅಂಚು ಎದುರು ಕುಳಿತ ಲೇಖಕನಿಗೆ ಕಾಣಿಸುತ್ತಿತ್ತು. ಅವರು ಫೈಲನ್ನು ಮುಚ್ಚಿ, "ತಾರೀಖು ನಮ್ಮ ಕಚೇರಿಯಿಂದಲೇ ಹೋಗಿದ್ದು ಸರ್. ಮರುಪರೀಕ್ಷೆ ಯಾವತ್ತು ಅಂತ ಈಗಲೇ ತೀರ್ಮಾನ ಆಗ್ಬೇಕು," ಎಂದರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು.

ಮೆಟ್ಟಿಲ ಬಳಿ ಲೇಖಕ ಅವರನ್ನು ತಡೆದು, ತನ್ನ ಹೆಸರು ಯಾಕೆ ಹೇಳಲಿಲ್ಲವೆಂದು ಕೇಳಿದ. ಉಪಕಾರದ ಭಾರ ಹೊರುವುದಕ್ಕಿಂತ ಬೈಸಿಕೊಳ್ಳುವುದೇ ಸುಲಭವೆನಿಸಿತ್ತು.

"ನಿಮ್ಮನ್ನ ಉಳಿಸೋಕೆ ಅಂದ್ಕೊಂಡ್ರಾ?" ಎಂದರು ಅವರು. "ಹೆಸರು ಹೇಳಿದ್ರೆ ಒಂದು ಗಂಟೆ ನಿಮ್ಮ ವಿಷಯಾನೇ ಮಾತಾಡ್ತಿದ್ರು. ಹುಡುಗರ ವಿಷಯ ಮುಂದಿನ ಸಭೆಗೆ ಹೋಗ್ತಿತ್ತು. ನಿಮ್ಮ ಮೇಲೆ ನನಗೆ ಸಿಟ್ಟಿದೆ ಸರ್. ಅದು ಹಾಗೇ ಇರಲಿ, ಕೆಲಸ ನೋಡೋಣ."

ಆ ಸಿಟ್ಟನ್ನು ಅವರು ಎಷ್ಟು ದಿನ ಇಟ್ಟುಕೊಂಡರೋ ತಿಳಿಯದು. ಆದರೆ ತಿಂಗಳೊಳಗೆ ಒಂದು ಕರಡು ಲೇಖಕನ ಮೇಜಿಗೆ ಬಂತು: ಯಾವ ಸಮುದಾಯದ ಹಬ್ಬವೇ ಆಗಲಿ, ಅದರ ಹಿಂದಿನ ದಿನ ಮತ್ತು ಮರುದಿನ ಪರೀಕ್ಷೆ ಇಡತಕ್ಕದ್ದಲ್ಲ. ಪರೀಕ್ಷಾ ವಿಭಾಗದಿಂದಲೇ ಹೊರಟರೆ ಯಾರೂ ತಕರಾರು ಮಾಡುವುದಿಲ್ಲ, ಆದ್ದರಿಂದ ನೀವೇ ಸಹಿ ಮಾಡಿ ಕಳಿಸಿ, ನನ್ನ ಹೆಸರು ಬೇಡ ಎಂದು ಜೊತೆಗೊಂದು ಸಾಲಿತ್ತು. ಅವನು ಸಹಿ ಮಾಡಿದ. ಆ ಸುತ್ತೋಲೆಯನ್ನು ಬೇರೆ ವಿಶ್ವವಿದ್ಯಾಲಯಗಳೂ ತರಿಸಿಕೊಂಡವು. ಘಟಿಕೋತ್ಸವದಲ್ಲಿ ಅವನಿಗೆ ಶಾಲು ಹೊದಿಸಿದರು. ಅದರ ಫೋಟೋ ಇಂದಿಗೂ ಪರೀಕ್ಷಾ ವಿಭಾಗದ ಗೋಡೆಯಲ್ಲಿದೆ. ಅಂದು ಚಪ್ಪಾಳೆ ತಟ್ಟಿದವರಲ್ಲಿ ಮೇಡಂ ಕೂಡ ಇದ್ದರು, ಮೂರನೆಯ ಸಾಲಿನಲ್ಲಿ. ಹತ್ತು ವರ್ಷ ಅವನು ಬಾಯಿ ಬಿಡಲಿಲ್ಲ, ಅವರು ನೆನಪಿಸಲಿಲ್ಲ. ಆ ಸುತ್ತೋಲೆಯ ಒಂದೊಂದು ಅಕ್ಷರವೂ ಅವರದು. ಅಚ್ಚಾಗಿ ಉಳಿಯುವ ಗ್ರಂಥದಲ್ಲಿ ಅದನ್ನು ದಾಖಲಿಸದೆ ಹೋದರೆ ಈ ಲೇಖನಕ್ಕೆ ಅರ್ಥವಿಲ್ಲ.

ತನ್ನ ನಿವೃತ್ತಿಗೆ ಉಳಿದಿರುವ ಎರಡು ವರ್ಷಗಳಿಗೆ ಆ ದೊಡ್ಡ ಕಿಟಕಿಯ ಕುರ್ಚಿ ಈಗ ಲೇಖಕನದೇ ಆಗಿದೆ. ಮುಂದಿನ ವರ್ಷ ಎರಡು ದೊಡ್ಡ ಹಬ್ಬಗಳು ಭಾನುವಾರಕ್ಕೆ ಬಿದ್ದಿದ್ದು, ಅದೂ ಇವನ ಕಿತಾಪತಿಯೇ ಎಂಬಂತೆ ಎಲ್ಲರೂ ಇವನ ಮುಖ ನೋಡುತ್ತಿದ್ದಾರೆ. ಕಳೆದ ವಾರ ಕೈಸೋತು ಮೇಡಂಗೆ ಫೋನ್ ಮಾಡಿ ಏನು ಮಾಡಲೆಂದು ಕೇಳಿದ. ಅವರು ಸ್ವಲ್ಪ ಹೊತ್ತು ನಕ್ಕು, "ಮೊದಲು ಹಾಸ್ಟೆಲ್ ಅಡುಗೆಮನೆಯವರನ್ನ ಕೇಳ್ಕೊಂಡು ಬನ್ನಿ, ಆಮೇಲೆ ಮಾತಾಡೋಣ," ಎಂದರು. ಅವನು ಹೋಗಿ ಕೇಳಿ ಬಂದ. ಹೇಳುವಾಗ ಅಲ್ಲಿನ ಹಿರಿಯ ಅಡುಗೆಯವರು, ಮೇಡಂ ಆಗಿದ್ದರೆ ಕೂತು ಕೇಳುತ್ತಿದ್ದರು ಎಂದರು, ಇವನು ಕೂತ.

ಮೇಡಂಗೆ ದೀರ್ಘಾಯುಸ್ಸು ಇರಲಿ, ಆರೋಗ್ಯ ಕೈಬಿಡದಿರಲಿ. ಅವರ ಸಲಹೆ ಇನ್ನೂ ಹಲವು ವರ್ಷ ಈ ಕಚೇರಿಗೆ ದೊರೆಯಲಿ. ಅಸೂಯೆಗೂ ಒಂದು ಯೋಗ್ಯ ಗುರಿ ಬೇಕು. ಈ ಲೇಖಕನಿಗೆ ಅವರ ಹೊರತು ಬೇರೊಬ್ಬರು ಸಿಕ್ಕಿಲ್ಲ, ಇನ್ನು ಹುಡುಕುವ ವಯಸ್ಸೂ ಅವನದಲ್ಲ.